‘ಅಲ್ಲ’ ಮತ್ತು ‘ಇಲ್ಲ’: ‘ಟ್ರಿಪಲ್ ನೆಗೆಟಿವ್’ ಸ್ತನ ಕ್ಯಾನ್ಸರಿನ ರೋಗವಿಜ್ಞಾನ ಮತ್ತು ಕನ್ನಡ ಪರಿಭಾಷೆ

ಕನ್ನಡದಲ್ಲಿ ನಿಷೇಧಾರ್ಥವನ್ನು ಹೇಳಲು ‘ಅಲ್ಲ’ ಮತ್ತು ‘ಇಲ್ಲ’ ಎಂಬ ಎರಡು ಪ್ರತ್ಯೇಕ ಪದಗಳಿವೆ. ‘ಇದು ಹಾವಲ್ಲ’ ಎಂಬಲ್ಲಿ ಎದುರಿಗಿರುವ ವಸ್ತುವಿನ ಗುರುತು ನಿರಾಕೃತವಾಗುತ್ತದೆ. ‘ಇಲ್ಲಿ ಹಾವಿಲ್ಲ’ ಎಂಬಲ್ಲಿ ಒಂದು ಎಡೆಯಲ್ಲಿ ಒಂದು ವಸ್ತುವಿನ ಇರವು ನಿರಾಕೃತವಾಗುತ್ತದೆ. ಇಂಗ್ಲಿಷಿನಿಂದ ಬಂದು ಕನ್ನಡದ ನಿತ್ಯವ್ಯವಹಾರದಲ್ಲಿ ನೆಲೆಸಿರುವ ‘ನೆಗೆಟಿವ್’ ಎಂಬ ಪದಕ್ಕೆ ಈ ವಿವೇಕವಿಲ್ಲ. ಅದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ವ್ಯಾಕರಣದ ತರಗತಿಯಲ್ಲಿ ಸಣ್ಣದೆಂದು ತೋರುವ ಈ ವ್ಯತ್ಯಾಸವು ಕ್ಯಾನ್ಸರ್ ಪರೀಕ್ಷೆಯ ವರದಿಯೊಂದನ್ನು ಕೈಯಲ್ಲಿ ಹಿಡಿದ ಮಹಿಳೆಯ ಪಾಲಿಗೆ ಬಹಳ ದೊಡ್ಡದು. ‘ಟ್ರಿಪಲ್ ನೆಗೆಟಿವ್’ ಎಂದು ಕರೆಯಲಾಗುವ, ವೇಗವಾಗಿ ಬೆಳೆಯುವ ಸ್ತನ ಕ್ಯಾನ್ಸರಿನ ರೋಗವಿಜ್ಞಾನವನ್ನು ವಿವರಿಸಿ, ಅದರ ಹೆಸರಿನೊಳಗಿರುವ ನಿಷೇಧದ ಸ್ವರೂಪವನ್ನು ಕನ್ನಡದ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ವರದಿಯ ಭಾಷೆ

ದಕ್ಷಿಣ ಬೆಂಗಳೂರು ಕರ್ನಾಟಕದ ಕ್ಯಾನ್ಸರ್ ಚಿಕಿತ್ಸೆಯ ಭೂಪಟದಲ್ಲಿ ಮುಖ್ಯವಾದ ಪ್ರದೇಶ. 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ಜಯನಗರದಿಂದ ಅನತಿದೂರದಲ್ಲಿ, ನಿಮ್ಹಾನ್ಸ್ ಆವರಣದ ಪಕ್ಕದಲ್ಲಿದೆ. ಬಸವನಗುಡಿಯ ಶಂಕರಪುರದಲ್ಲಿ ಶ್ರೀ ಶಂಕರ ಕ್ಯಾನ್ಸರ್ ಆಸ್ಪತ್ರೆಯಿದೆ. ಬಿ.ಟಿ.ಎಂ. ಬಡಾವಣೆಗೆ ಸಮೀಪದ ಕೋರಮಂಗಲದಲ್ಲಿ, ಸ್ತನ ಕ್ಯಾನ್ಸರಿನ ಅಣುಮಟ್ಟದ ಲಕ್ಷಣಗಳ ಬಗ್ಗೆ ಅಧ್ಯಯನ ನಡೆಸಿರುವ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಿದೆ. ಜಯನಗರ, ಜೆ.ಪಿ. ನಗರ, ಬನಶಂಕರಿಗಳ ನಿವಾಸಿಗಳು ಮಾತ್ರವಲ್ಲದೆ ನಾಡಿನ ದೂರದ ಜಿಲ್ಲೆಗಳ ಕುಟುಂಬಗಳೂ ಈ ಪ್ರದೇಶದ ಆಸ್ಪತ್ರೆಗಳಿಗೂ ಪರೀಕ್ಷಾಲಯಗಳಿಗೂ ಬರುತ್ತವೆ. ಅವರ ಕೈಗೆ ಸಿಗುವ ಪೆಥಾಲಜಿ ವರದಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಅದರ ಕುರಿತ ಮಾತುಕತೆ ಮಾತ್ರ ಕನ್ನಡದಲ್ಲಿ ನಡೆಯುತ್ತದೆ.

ಸ್ತನದ ಶಸ್ತ್ರಚಿಕಿತ್ಸೆಯ ಬಳಿಕ ಬರುವ ಇಂತಹ ಒಂದೇ ವರದಿಯಲ್ಲಿ ‘ನೆಗೆಟಿವ್’ ಎಂಬ ಪದ ಹಲವು ಬಾರಿ ಬರಬಹುದು. ಕತ್ತರಿಸಿ ತೆಗೆದ ಅಂಗಾಂಶದ ಅಂಚು ನೆಗೆಟಿವ್ ಎಂದರೆ ಆ ಅಂಚಿನಲ್ಲಿ ಕ್ಯಾನ್ಸರ್ ಕೋಶಗಳಿಲ್ಲ ಎಂದರ್ಥ. ಕಂಕುಳಿನ ದುಗ್ಧಗ್ರಂಥಿಗಳು ನೆಗೆಟಿವ್ ಎಂದರೆ ರೋಗ ಅಲ್ಲಿಗೆ ಹರಡಿದ ಗುರುತಿಲ್ಲ ಎಂದರ್ಥ. ಇವೆರಡೂ ಒಳ್ಳೆಯ ಸುದ್ದಿಗಳು. ಕೆಲವು ಸಾಲುಗಳ ನಂತರ ಅದೇ ಪದ ಈಸ್ಟ್ರೊಜೆನ್ ಗ್ರಾಹಕ, ಪ್ರೊಜೆಸ್ಟೆರಾನ್ ಗ್ರಾಹಕ ಮತ್ತು ಹರ್-2 ಎಂಬ ಮೂರರ ಮುಂದೆ ಬರುತ್ತದೆ. ಅಲ್ಲಿ ಅದರ ಅರ್ಥವೇ ಬೇರೆ: ಈ ಕ್ಯಾನ್ಸರಿಗೆ ಹಾರ್ಮೋನ್ ಚಿಕಿತ್ಸೆಯಾಗಲಿ, ಹರ್-2ನ್ನು ಗುರಿಯಾಗಿಸಿದ ರೂಢಿಯ ಔಷಧಗಳಾಗಲಿ ಹೊಂದುವುದಿಲ್ಲ. 2020ರ ಕೊರೊನಾ ಕಾಲದಲ್ಲಿ ‘ನೆಗೆಟಿವ್ ಬಂತು’ ಎಂಬ ಮಾತು ಮನೆಮನೆಯಲ್ಲೂ ನೆಮ್ಮದಿಯ ಮಾತಾಗಿತ್ತು. ಆ ರೂಢಿಯಿಂದ ಬಂದ ಓದುಗ ಮೂರು ನೆಗೆಟಿವ್‌ಗಳನ್ನು ಮೂರು ಪಟ್ಟು ನೆಮ್ಮದಿಯೆಂದು ಭಾವಿಸಿದರೆ ತಪ್ಪು ಓದುಗನದಲ್ಲ.

2. ಆಕಾರದಿಂದ ಅಭಾವದವರೆಗೆ: ಹೆಸರುಗಳ ಇತಿಹಾಸ

ಈ ರೋಗವರ್ಗಕ್ಕೆ ಹಿಂದಿನವರು ಕೊಟ್ಟ ಹೆಸರುಗಳು ಕಣ್ಣಿಗೆ ಮತ್ತು ಕೈಗೆ ದೊರೆತ ಲಕ್ಷಣಗಳಿಂದ ಹುಟ್ಟಿದವು. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ವರ್ಣಿತವಾದ ‘ಅರ್ಬುದ’ವು ದುಂಡಗಿನ, ಅಲುಗಾಡದ, ಮಂದವಾದ ನೋವಿನ, ಆಳವಾಗಿ ಬೇರೂರಿದ, ನಿಧಾನವಾಗಿ ಬೆಳೆಯುವ, ಕೀವುಗಟ್ಟದ ಊತ. ಒಂದು ಅರ್ಬುದದ ಮೇಲೆ ಹುಟ್ಟುವ ಮತ್ತೊಂದನ್ನು ‘ಅಧ್ಯರ್ಬುದ’ವೆಂದೂ ಜೋಡಿಯಾಗಿ ಹುಟ್ಟುವುದನ್ನು ‘ದ್ವಿರರ್ಬುದ’ವೆಂದೂ ಅಲ್ಲಿ ವಿಭಾಗಿಸಲಾಗಿದೆ. ಗ್ರೀಕ್ ವೈದ್ಯ ಪರಂಪರೆಯು ಏಡಿಯ ಹೋಲಿಕೆಯನ್ನು ಆರಿಸಿಕೊಂಡಿತು. ಊತದ ಸುತ್ತ ಹರಡಿದ ರಕ್ತನಾಳಗಳು ಏಡಿಯ ಕಾಲುಗಳಂತೆ ಕಂಡವು. ಅದೇ ರೂಪಕ ಲ್ಯಾಟಿನ್ ಮೂಲಕ ‘ಕ್ಯಾನ್ಸರ್’ ಆಗಿ, ಕನ್ನಡದಲ್ಲಿ ‘ಏಡಿಗಂತಿ’ ಎಂಬ ಅನುವಾದವಾಗಿ ಬಂದಿತು.

ಈ ಎರಡು ಪರಂಪರೆಗಳೂ ಇರುವುದನ್ನು ಹೆಸರಿಸಿದವು. ‘ಟ್ರಿಪಲ್ ನೆಗೆಟಿವ್’ ಎಂಬುದು ಇದಕ್ಕೆ ವ್ಯತಿರಿಕ್ತವಾದ ಹೆಸರು. ಅದು ರೋಗದಲ್ಲಿ ಏನಿದೆ ಎಂದು ಹೇಳುವುದಿಲ್ಲ. ಏನಿಲ್ಲ ಎಂದು ಹೇಳುತ್ತದೆ. ವೈದ್ಯಕೀಯ ಬರಹಗಳಲ್ಲಿ ಈ ಹೆಸರು 2005ರ ಸುಮಾರಿಗೆ ಬಳಕೆಗೆ ಬಂದಿತು. ಅಭಾವವೊಂದು ರೋಗದ ಹೆಸರಾಗಲು ಕಾರಣವೇನು ಎಂಬುದನ್ನು ತಿಳಿಯಲು ಚಿಕಿತ್ಸೆಯ ಚರಿತ್ರೆಯನ್ನು ನೋಡಬೇಕು.

ಸ್ತನದ ಸಹಜ ಕೋಶಗಳ ಒಂದು ಭಾಗದಲ್ಲಿ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟೆರಾನ್ ಹಾರ್ಮೋನುಗಳನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳಿರುತ್ತವೆ. ಇವೇ ಗ್ರಾಹಕಗಳು. ಹಾರ್ಮೋನು ಬಂದು ಸೇರಿದಾಗ ಇವು ಕೋಶಕೇಂದ್ರದಲ್ಲಿ ಬೆಳವಣಿಗೆಯ ಆದೇಶಗಳನ್ನು ಜಾಗೃತಗೊಳಿಸುತ್ತವೆ. ಗ್ಲಾಸ್ಗೊದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್, ಅಂಡಾಶಯಗಳನ್ನು ತೆಗೆದಾಗ ಮುಂದುವರಿದ ಸ್ತನ ಕ್ಯಾನ್ಸರ್ ಕುಗ್ಗಿದುದನ್ನು 1896ರಲ್ಲಿ ಪ್ರಕಟಿಸಿದನು. ಆಗ ಹಾರ್ಮೋನಿನ ಕಲ್ಪನೆಯೇ ರೂಪುಗೊಂಡಿರಲಿಲ್ಲ. ಎಲ್ವುಡ್ ಜೆನ್ಸನ್ ಅವರು 1950ರ ದಶಕದ ಕೊನೆಯಲ್ಲಿ ಷಿಕಾಗೊದಲ್ಲಿ ಆರಂಭಿಸಿದ ಪ್ರಯೋಗಗಳು ಈಸ್ಟ್ರೊಜೆನ್ ಗ್ರಾಹಕವನ್ನು ತೋರಿಸಿಕೊಟ್ಟವು. ಆ ಗ್ರಾಹಕವನ್ನು ಅಡ್ಡಗಟ್ಟುವ ಟ್ಯಾಮಾಕ್ಸಿಫೆನ್ ಔಷಧಕ್ಕೆ 1977ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಮೂರನೆಯದಾದ ಹರ್-2 ಕೋಶಪೊರೆಯ ಮೇಲಿರುವ ಪ್ರೋಟೀನು. ಕೆಲವು ಕ್ಯಾನ್ಸರುಗಳಲ್ಲಿ ಅದರ ಜೀನಿನ ಪ್ರತಿಗಳು ಹೆಚ್ಚಿ ಪ್ರೋಟೀನು ವಿಪರೀತವಾಗುತ್ತದೆ. ಅದನ್ನು ಗುರಿಯಾಗಿಸಿದ ಟ್ರಾಸ್ಟುಝುಮ್ಯಾಬ್ ಔಷಧ 1998ರಲ್ಲಿ ಬಂದಿತು.

ಹೀಗೆ ಇಪ್ಪತ್ತನೆಯ ಶತಮಾನದ ಕೊನೆಗೆ ಸ್ತನ ಕ್ಯಾನ್ಸರಿನ ಚಿಕಿತ್ಸೆಗೆ ಎರಡು ಖಚಿತ ಗುರಿಗಳು ದೊರೆತಿದ್ದವು. ಯಾವ ಕ್ಯಾನ್ಸರಿನಲ್ಲಿ ಈ ಗುರಿಗಳಿರಲಿಲ್ಲವೋ ಅವೆಲ್ಲವನ್ನೂ ಒಟ್ಟಾಗಿ ಇರಿಸಿದ ಗುಂಪಿಗೆ ‘ಟ್ರಿಪಲ್ ನೆಗೆಟಿವ್’ ಎಂಬ ಹೆಸರು ಬಂದಿತು. ಅರ್ಥಾತ್ ಇದು ಔಷಧಗಳ ನೆಲೆಯಲ್ಲಿ ನಿಂತು ಕೊಟ್ಟ ಹೆಸರು. ರೋಗದ ಸ್ವಂತ ಗುಣವನ್ನು ಅರಿಯಲು ಸೂಕ್ಷ್ಮದರ್ಶಕದ ಬಳಿಗೆ ಹೋಗಬೇಕಾಗುತ್ತದೆ.

3. ಗಾಜಿನ ಪಟ್ಟಿಕೆಯ ಮೇಲೆ ಕಾಣುವುದು

ಸೂಜಿಯಿಂದ ಅಥವಾ ಶಸ್ತ್ರಚಿಕಿತ್ಸೆಯಿಂದ ತೆಗೆದ ಅಂಗಾಂಶದ ತುಣುಕನ್ನು ಫಾರ್ಮಲಿನ್ ದ್ರಾವಣದಲ್ಲಿ ಕೆಡದಂತೆ ಕಾಪಿಟ್ಟು, ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿ, ಅತಿ ತೆಳುವಾದ ಪದರುಗಳಾಗಿ ಕೊಯ್ದು ಗಾಜಿನ ಪಟ್ಟಿಕೆಯ ಮೇಲೆ ಹರಡಲಾಗುತ್ತದೆ. ಹೆಮಟಾಕ್ಸಿಲಿನ್ ಬಣ್ಣದಿಂದ ಕೋಶಕೇಂದ್ರಗಳು ನೀಲಿಯಾಗಿಯೂ ಇಯೋಸಿನ್ ಬಣ್ಣದಿಂದ ಉಳಿದ ಭಾಗಗಳು ಗುಲಾಬಿಯಾಗಿಯೂ ತೋರುತ್ತವೆ. ಈ ಸರಳ ವರ್ಣಲೇಪನದಲ್ಲಿಯೇ ರೋಗದ ಸ್ವಭಾವ ಬಹುಮಟ್ಟಿಗೆ ಬಯಲಾಗುತ್ತದೆ.

ಕ್ಯಾನ್ಸರಿನ ದರ್ಜೆಯನ್ನು ನಾಟಿಂಗ್‌ಹ್ಯಾಮ್ ಪದ್ಧತಿಯಲ್ಲಿ ಮೂರು ಅಂಶಗಳಿಂದ ನಿರ್ಣಯಿಸಲಾಗುತ್ತದೆ: ಕೋಶಗಳು ಸಹಜ ನಾಳಗಳಂತಹ ಕೊಳವೆಗಳನ್ನು ಎಷ್ಟರಮಟ್ಟಿಗೆ ಕಟ್ಟುತ್ತಿವೆ, ಕೋಶಕೇಂದ್ರಗಳ ಗಾತ್ರ ಹಾಗೂ ಆಕಾರ ಎಷ್ಟು ವಿಷಮವಾಗಿವೆ, ವಿಭಜನೆಯಲ್ಲಿ ತೊಡಗಿರುವ ಕೋಶಗಳೆಷ್ಟು. ಪ್ರತಿಯೊಂದಕ್ಕೂ 1ರಿಂದ 3 ಅಂಕಗಳಿದ್ದು ಮೊತ್ತ 8 ಅಥವಾ 9 ಆದರೆ ಅದು ಮೂರನೆಯ ದರ್ಜೆ. ಟ್ರಿಪಲ್ ನೆಗೆಟಿವ್ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಈ ದರ್ಜೆಗೆ ಸೇರುತ್ತವೆ. ಕೊಳವೆಗಳು ವಿರಳ; ಕೋಶಗಳು ಹಾಳೆಗಳಂತೆ ಒತ್ತೊತ್ತಾಗಿ ಬೆಳೆದಿರುತ್ತವೆ. ರಕ್ತಪೂರೈಕೆಯನ್ನು ಮೀರಿ ಗಂಟು ಬೆಳೆಯುವುದರಿಂದ ಅದರ ನಡುಭಾಗ ಕೊಳೆತು ನಿರ್ಜೀವವಾಗಿರುವುದುಂಟು. ವಿಭಜನಾಸಕ್ತ ಕೋಶಗಳ ಪ್ರಮಾಣವನ್ನು ತೋರಿಸುವ ಕೆಐ-67 ಸೂಚ್ಯಂಕವೂ ಸಾಮಾನ್ಯವಾಗಿ ಅಧಿಕವಾಗಿರುತ್ತದೆ.

ಗಂಟಿನ ಅಂಚಿನ ಬಗ್ಗೆ ವಿಶೇಷವಾಗಿ ಹೇಳಬೇಕಾಗಿದೆ. ಬಹಳಷ್ಟು ಸ್ತನ ಕ್ಯಾನ್ಸರುಗಳು ಸುತ್ತಲಿನ ಅಂಗಾಂಶದೊಳಗೆ ಚಾಚುಗಳನ್ನು ಹೊರಡಿಸಿ ಏಡಿಯ ಹೋಲಿಕೆಯನ್ನು ಸಾರ್ಥಕಗೊಳಿಸುತ್ತವೆ. ಈ ಬಗೆಯ ಗಂಟಾದರೋ ಹಲವೊಮ್ಮೆ ದುಂಡಗಿದ್ದು ಸುತ್ತಲಿನದನ್ನು ತಳ್ಳುತ್ತ ಬೆಳೆಯುತ್ತದೆ. ಆದ್ದರಿಂದ ಸ್ಕ್ಯಾನ್‌ಗಳಲ್ಲಿ ಅದು ನಯವಾದ ಅಂಚಿನ, ಅಪಾಯವಿಲ್ಲದ ಫೈಬ್ರೊಅಡಿನೋಮ ಗಂಟಿನಂತೆ ತೋರುವ ಸಾಧ್ಯತೆಯಿದೆ. ಫೈಬ್ರೊಅಡಿನೋಮ ಎಳೆಯ ವಯಸ್ಸಿನವರಲ್ಲಿ ಸಾಮಾನ್ಯ. ಟ್ರಿಪಲ್ ನೆಗೆಟಿವ್ ಕ್ಯಾನ್ಸರ್ ಕೂಡ ಇತರ ಬಗೆಗಳಿಗಿಂತ ಹೆಚ್ಚಾಗಿ ಕಿರಿಯ ವಯಸ್ಸಿನ ಮಹಿಳೆಯರಲ್ಲಿ ಕಾಣಿಸಿಕೊಳ್ಳುತ್ತದೆ. ಏಡಿಯ ಆಕಾರವಿಲ್ಲದ ಏಡಿಗಂತಿ ಇದು. ಸುಶ್ರುತನ ಅರ್ಬುದದಂತೆ ದುಂಡಗಿದ್ದರೂ ಅದರಂತೆ ನಿಧಾನವಾಗಿ ಬೆಳೆಯುವುದಿಲ್ಲ; ಎರಡು ತಪಾಸಣೆಗಳ ನಡುವಿನ ಅವಧಿಯಲ್ಲಿಯೇ ಕೈಗೆ ಸಿಗುವಷ್ಟು ದೊಡ್ಡದಾಗಬಲ್ಲದು. ಹೊಸದಾಗಿ ಕಂಡ ಗಂಟನ್ನು ಅದರ ನಯವನ್ನು ನೋಡಿ ಕಡೆಗಣಿಸಬಾರದೆಂಬುದಕ್ಕೆ ರೋಗವಿಜ್ಞಾನ ಕೊಡುವ ಕಾರಣವಿದು.

4. ಅಭಾವಕ್ಕೆ ಪ್ರಮಾಣವೇನು?

ಭಾರತೀಯ ತರ್ಕಪರಂಪರೆ ಅಭಾವವನ್ನು ಪದಾರ್ಥವಾಗಿ ಅಂಗೀಕರಿಸಿ ವಿಂಗಡಿಸಿದೆ. ‘ಘಟವು ಪಟವಲ್ಲ’ ಎಂಬುದು ಅನ್ಯೋನ್ಯಾಭಾವ. ‘ನೆಲದ ಮೇಲೆ ಘಟವಿಲ್ಲ’ ಎಂಬುದು ಸಂಸರ್ಗಾಭಾವ. ಕನ್ನಡದ ‘ಅಲ್ಲ’ ಮತ್ತು ‘ಇಲ್ಲ’ಗಳು ಈ ವಿಭಾಗವನ್ನು ಸಹಜವಾಗಿಯೇ ಹೊತ್ತಿವೆ. ಪ್ರತಿಯೊಂದು ಅಭಾವಕ್ಕೂ ಒಂದು ‘ಪ್ರತಿಯೋಗಿ’ ಇರಬೇಕೆಂಬುದು, ಎಂದರೆ ಯಾವುದರ ಅಭಾವವೆಂದು ಹೇಳಬೇಕೆಂಬುದು ಅದೇ ಪರಂಪರೆಯ ಇನ್ನೊಂದು ನಿಯಮ. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅಭಾವವನ್ನು ತಿಳಿಯಲು ‘ಅನುಪಲಬ್ಧಿ’ಯೆಂಬ ಪ್ರತ್ಯೇಕ ಪ್ರಮಾಣವನ್ನು ಒಪ್ಪಿದರು. ಆದರೆ ಕಾಣಲಿಲ್ಲವೆಂಬುದಷ್ಟೇ ಸಾಲದು. ಇದ್ದಿದ್ದರೆ ಕಾಣುತ್ತಿತ್ತು ಎಂಬ ಯೋಗ್ಯತೆಯೂ ಅಲ್ಲಿರಬೇಕು. ಕತ್ತಲಕೋಣೆಯಲ್ಲಿ ಕೊಡ ಕಾಣಲಿಲ್ಲವೆಂಬುದರಿಂದ ಕೊಡವಿಲ್ಲವೆಂದು ಸಿದ್ಧವಾಗದು.

ಆಧುನಿಕ ಪೆಥಾಲಜಿಯ ಕಾರ್ಯವಿಧಾನವು ಇದೇ ಎಚ್ಚರಿಕೆಯನ್ನು ಪಾಲಿಸುತ್ತದೆ. ಗ್ರಾಹಕಗಳನ್ನು ಕಾಣಲು ಇಮ್ಯುನೊಹಿಸ್ಟೊಕೆಮಿಸ್ಟ್ರಿ ಎಂಬ ಪರೀಕ್ಷೆ ಬಳಕೆಯಲ್ಲಿದೆ. ಆಯಾ ಗ್ರಾಹಕಕ್ಕೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯವನ್ನು ಪಟ್ಟಿಕೆಯ ಮೇಲೆ ಹಾಕಿದಾಗ ಗ್ರಾಹಕವಿರುವೆಡೆ ಕಂದುಬಣ್ಣ ಮೂಡುತ್ತದೆ. ಬಣ್ಣ ಮೂಡದಿದ್ದರೆ ಎರಡು ಕಾರಣಗಳಿರಬಹುದು: ಗ್ರಾಹಕ ನಿಜವಾಗಿ ಇಲ್ಲದಿರಬಹುದು ಅಥವಾ ಇದ್ದ ಗ್ರಾಹಕ ಸಂರಕ್ಷಣೆಯ ದೋಷದಿಂದ ಹಾಳಾಗಿರಬಹುದು. ಈ ಕಾರಣದಿಂದಲೇ ಅಂಗಾಂಶವನ್ನು ದೇಹದಿಂದ ಹೊರತೆಗೆದ ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಹಾಕಬೇಕು, 6ರಿಂದ 72 ಗಂಟೆಗಳ ಕಾಲ ಅದರಲ್ಲಿರಿಸಬೇಕು ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಗಳಿವೆ. ಕ್ಯಾನ್ಸರಿನ ಪಕ್ಕದಲ್ಲಿ ಸಹಜವಾದ ಹಾಲುನಾಳಗಳಿದ್ದರೆ ಅವುಗಳ ಕೆಲವು ಕೋಶಗಳಲ್ಲಾದರೂ ಕಂದುಬಣ್ಣ ಕಾಣಬೇಕು. ಅಲ್ಲಿ ಬಣ್ಣ ಬಂದು ಕ್ಯಾನ್ಸರ್ ಕೋಶಗಳಲ್ಲಿ ಬಾರದಿದ್ದರೆ ಮಾತ್ರ ‘ಇಲ್ಲ’ ಎಂಬ ಮಾತಿಗೆ ಬಲ ಬರುತ್ತದೆ. ಪಕ್ಕದ ಆ ನಾಳವೇ ಕೋಣೆಯಲ್ಲಿ ಬೆಳಕಿತ್ತು ಎಂಬುದಕ್ಕೆ ಸಾಕ್ಷಿ. ತಪ್ಪು ‘ಇಲ್ಲ’ದ ಪರಿಣಾಮ ಗಂಭೀರವಾದುದು: ಹಾರ್ಮೋನ್ ಚಿಕಿತ್ಸೆಯಿಂದ ಪ್ರಯೋಜನ ಪಡೆಯಬಹುದಾಗಿದ್ದ ರೋಗಿ ಅದರಿಂದ ವಂಚಿತಳಾಗುತ್ತಾಳೆ.

ಈ ‘ಇಲ್ಲ’ ಸಂಪೂರ್ಣ ಶೂನ್ಯವಲ್ಲ ಎಂಬುದೂ ಗಮನಾರ್ಹ. 2010ರ ಮಾರ್ಗಸೂಚಿಯ ಪ್ರಕಾರ ಶೇ. 1ಕ್ಕಿಂತ ಕಡಿಮೆ ಕೋಶಕೇಂದ್ರಗಳಲ್ಲಿ ಬಣ್ಣವಿದ್ದರೆ ಹಾರ್ಮೋನ್ ಗ್ರಾಹಕ ನೆಗೆಟಿವ್ ಎನಿಸುತ್ತದೆ. 2020ರಲ್ಲಿ ಈಸ್ಟ್ರೊಜೆನ್ ಗ್ರಾಹಕದ ಶೇ. 1ರಿಂದ 10ರ ಪ್ರಮಾಣವನ್ನು ‘ಅಲ್ಪ ಪಾಸಿಟಿವ್’ ಎಂದು ಪ್ರತ್ಯೇಕಿಸಲಾಯಿತು. ಹರ್-2ರಲ್ಲಿ 0 ಮತ್ತು 1+ ನೆಗೆಟಿವ್, 3+ ಪಾಸಿಟಿವ್, 2+ ಬಂದರೆ ಜೀನಿನ ಪ್ರತಿಗಳನ್ನು ಎಣಿಸುವ ಫಿಶ್ ಮೊದಲಾದ ಪರೀಕ್ಷೆಯಿಂದ ನಿರ್ಣಯ. ಸಹಜ ಕೋಶಗಳಲ್ಲಿಯೂ ಸ್ವಲ್ಪ ಹರ್-2 ಇರುವುದರಿಂದ ಇಲ್ಲಿ ಇಲ್ಲದಿರುವುದು ಹರ್-2 ಅಲ್ಲ, ಅದರ ಅತಿಶಯ. 2022ರಲ್ಲಿ ಪ್ರಕಟವಾದ ಪರೀಕ್ಷಾಪ್ರಯೋಗವೊಂದು, ಮುಂದುವರಿದ ರೋಗದಲ್ಲಿ ಇಂತಹ ಅಲ್ಪ ಹರ್-2 ಕೂಡ ಟ್ರಾಸ್ಟುಝುಮ್ಯಾಬ್ ಡೆರುಕ್ಸ್‌ಟೆಕಾನ್ ಎಂಬ ಔಷಧಕ್ಕೆ ಗುರಿಯಾಗಬಲ್ಲದೆಂದು ತೋರಿಸಿದ ಮೇಲೆ, ಹಿಂದೆ ‘ಇಲ್ಲ’ದ ಪಟ್ಟಿಯಲ್ಲಿದ್ದ ಕೆಲವರು ‘ಸ್ವಲ್ಪ ಇದೆ’ ಎಂಬ ಪಟ್ಟಿಗೆ ಸರಿದಿದ್ದಾರೆ.

5. ಉಗ್ರತೆ ಮತ್ತು ಅದರ ವಿರೋಧಾಭಾಸ

ಈ ಕ್ಯಾನ್ಸರ್ ಮರುಕಳಿಸುವುದಾದರೆ ಬೇಗ ಮರುಕಳಿಸುತ್ತದೆ. ಟೊರಾಂಟೊದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೂರದ ಅಂಗಗಳಲ್ಲಿ ರೋಗ ಮರುಕಳಿಸುವ ಸಂಭವ ಮೂರನೆಯ ವರ್ಷದ ಹೊತ್ತಿಗೆ ಶಿಖರ ಮುಟ್ಟಿ, ಆಮೇಲೆ ವೇಗವಾಗಿ ಇಳಿಯಿತು. ಶ್ವಾಸಕೋಶ, ಮೆದುಳುಗಳಿಗೆ ಹರಡುವ ಪ್ರವೃತ್ತಿಯೂ ಈ ಬಗೆಯಲ್ಲಿ ಅಧಿಕ. ಇದರ ಇನ್ನೊಂದು ಮುಖವೆಂದರೆ ಐದು ವರ್ಷಗಳನ್ನು ರೋಗವಿಲ್ಲದೆ ದಾಟಿದವರಲ್ಲಿ ಮರುಕಳಿಕೆ ವಿರಳ. ಹಾರ್ಮೋನ್ ಗ್ರಾಹಕವಿರುವ ಕ್ಯಾನ್ಸರಾದರೋ ಹತ್ತು ಹದಿನೈದು ವರ್ಷಗಳ ಬಳಿಕವೂ ಮರಳಬಲ್ಲದು.

ವೇಗವಾಗಿ ವಿಭಜಿಸುವ ಕೋಶಗಳ ಮೇಲೆಯೇ ಕೀಮೊಥೆರಪಿ ಹೆಚ್ಚು ಪರಿಣಾಮ ಬೀರುತ್ತದೆ. ಆದ್ದರಿಂದ ರೋಗವನ್ನು ಉಗ್ರಗೊಳಿಸುವ ಗುಣವೇ ಅದನ್ನು ಔಷಧಕ್ಕೆ ಈಡುಮಾಡುತ್ತದೆ. ಶಸ್ತ್ರಚಿಕಿತ್ಸೆಗೆ ಮೊದಲೇ ಕೀಮೊಥೆರಪಿ ನೀಡಿ, ತೆಗೆದ ಅಂಗಾಂಶದಲ್ಲಿ ಆಕ್ರಮಣಶೀಲ ಕ್ಯಾನ್ಸರ್ ಒಂದಿಷ್ಟೂ ಉಳಿದಿಲ್ಲವೆಂದು ಪೆಥಾಲಜಿಸ್ಟ್ ಖಚಿತಪಡಿಸಿದರೆ ಆ ರೋಗಿಯ ಭವಿಷ್ಯ ಸಾಮಾನ್ಯವಾಗಿ ಆಶಾದಾಯಕ. ಇದು ಅದೇ ರೋಗದ ಕಥನದಲ್ಲಿ ಬರುವ ಇನ್ನೊಂದು ‘ಇಲ್ಲ’. ಪ್ರತಿಯೋಗಿ ಬದಲಾದುದರಿಂದ ಅರ್ಥ ಪೂರ್ತಿ ತಿರುಗಿದೆ.

ಅಭಾವದಿಂದ ಹೆಸರಿಸಿದ ಈ ಗುಂಪಿನೊಳಗೆ ಇರುವುದೇನೆಂಬ ಹುಡುಕಾಟ 2000ದಿಂದೀಚೆಗೆ ತೀವ್ರವಾಯಿತು. ಆ ವರ್ಷ ಪೆರೂ ಮತ್ತು ಸಂಗಡಿಗರು ಜೀನುಗಳ ಅಭಿವ್ಯಕ್ತಿಯ ಆಧಾರದಿಂದ ಸ್ತನ ಕ್ಯಾನ್ಸರುಗಳನ್ನು ವಿಂಗಡಿಸಿ ‘ತಳಕೋಶಸದೃಶ’ ಎನ್ನಬಹುದಾದ ಗುಂಪನ್ನು ಗುರುತಿಸಿದರು. ಟ್ರಿಪಲ್ ನೆಗೆಟಿವ್‌ಗಳಲ್ಲಿ ಹೆಚ್ಚಿನವು ಇದರಲ್ಲಿ ಬರುತ್ತವೆ. 1994ರಲ್ಲಿ ಪತ್ತೆಯಾದ ಬಿಆರ್‌ಸಿಎ-1 ಜೀನು ಡಿಎನ್‌ಎ ಎಳೆಗಳ ಮುರಿತವನ್ನು ಸರಿಪಡಿಸುವ ಕೆಲಸದಲ್ಲಿ ಭಾಗಿ. ಅದರ ದೋಷ ವಂಶಪಾರಂಪರ್ಯವಾಗಿ ಬಂದವರಲ್ಲಿ ಹುಟ್ಟುವ ಸ್ತನ ಕ್ಯಾನ್ಸರ್ ಬಹುಪಾಲು ಟ್ರಿಪಲ್ ನೆಗೆಟಿವ್ ಆಗಿರುತ್ತದೆ. ದುರಸ್ತಿಯ ಒಂದು ದಾರಿ ಮುಚ್ಚಿರುವ ಕೋಶದಲ್ಲಿ ಇನ್ನೊಂದು ದಾರಿಯನ್ನೂ ಮುಚ್ಚಿದರೆ ಆ ಕೋಶ ಸಾಯುತ್ತದೆಂಬ ತತ್ತ್ವದ ಮೇಲೆ ಒಲಾಪರಿಬ್‌ನಂತಹ ಔಷಧಗಳು ರೂಪುಗೊಂಡವು. ಗಂಟಿನೊಳಗೆ ರೋಗನಿರೋಧಕ ಲಿಂಫೋಸೈಟುಗಳು ದಟ್ಟವಾಗಿ ನುಗ್ಗಿರುವುದು ಈ ಬಗೆಯಲ್ಲಿ ಆಗಾಗ ಕಾಣುವ ಲಕ್ಷಣ. ಅದು ಒಳ್ಳೆಯ ಸೂಚನೆಯೂ ಹೌದು. ಆ ನಿರೋಧಶಕ್ತಿಗೆ ಹಾಕಿದ ತಡೆಯನ್ನು ತೆಗೆಯುವ ಪೆಂಬ್ರೊಲಿಝುಮ್ಯಾಬ್ ಔಷಧವನ್ನು ಕೀಮೊಥೆರಪಿಯೊಡನೆ ನೀಡಿದಾಗ, ಕ್ಯಾನ್ಸರ್ ಪೂರ್ತಿ ಅಳಿದವರ ಪ್ರಮಾಣ ಶೇ. 51.2ರಿಂದ 64.8ಕ್ಕೆ ಏರಿತೆಂದು 2020ರಲ್ಲಿ ವರದಿಯಾಯಿತು.

ಎಲ್ಲ ಟ್ರಿಪಲ್ ನೆಗೆಟಿವ್ ಕ್ಯಾನ್ಸರುಗಳೂ ಉಗ್ರವಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು. ಅಡಿನಾಯ್ಡ್ ಸಿಸ್ಟಿಕ್, ಸೆಕ್ರೆಟರಿ ಎಂಬ ಅಪರೂಪದ ಬಗೆಗಳು ಮೂರೂ ಗ್ರಾಹಕಗಳಿಲ್ಲದೆಯೂ ಸಾಮಾನ್ಯವಾಗಿ ಸೌಮ್ಯವಾಗಿ ವರ್ತಿಸುತ್ತವೆ. ಅಭಾವದ ಸಾಮ್ಯ ಸ್ವಭಾವದ ಸಾಮ್ಯವಲ್ಲ.

6. ಕನ್ನಡದ ಹೊಣೆ

ಈ ವಿಚಾರ ಕರ್ನಾಟಕಕ್ಕೆ ದೂರದ್ದಲ್ಲ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ ಮೊದಲ ಕೇಂದ್ರಗಳಲ್ಲಿ ಬೆಂಗಳೂರೂ ಒಂದು. ಕಿದ್ವಾಯಿ ಸಂಸ್ಥೆಯಲ್ಲಿ ಈ ಜನಸಂಖ್ಯಾಧಾರಿತ ನೋಂದಣಿ 1982ರಿಂದ ನಡೆದುಬಂದಿದೆ. ಅದರ ಲೆಕ್ಕದಲ್ಲಿ ನಗರದ ಮಹಿಳೆಯರ ಕ್ಯಾನ್ಸರುಗಳಲ್ಲಿ ಗರ್ಭಕೊರಳಿನ ಕ್ಯಾನ್ಸರನ್ನು ಹಿಂದಿಕ್ಕಿ ಸ್ತನ ಕ್ಯಾನ್ಸರ್ ಮೊದಲ ಸ್ಥಾನಕ್ಕೆ ಬಂದಿದೆ. ಪಾಶ್ಚಾತ್ಯ ದೇಶಗಳಲ್ಲಿ ಸ್ತನ ಕ್ಯಾನ್ಸರುಗಳ ಪೈಕಿ ಟ್ರಿಪಲ್ ನೆಗೆಟಿವ್ ಬಗೆಯ ಪಾಲು ಶೇ. 10ರಿಂದ 15ರಷ್ಟಿದ್ದರೆ, ಭಾರತದ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಅದು ಶೇ. 31ರಷ್ಟಿತ್ತು. ಕಿದ್ವಾಯಿಯ ವೈದ್ಯರು ತಮ್ಮಲ್ಲಿಗೆ ಬಂದ ಇಂತಹ ರೋಗಿಗಳ ಅಧ್ಯಯನವನ್ನು 2014ರಲ್ಲಿ ಪ್ರಕಟಿಸಿದ್ದಾರೆ.

ಕನ್ನಡದಲ್ಲಿ ವೈದ್ಯಸಾಹಿತ್ಯಕ್ಕೆ ಗಟ್ಟಿಯಾದ ಪರಂಪರೆಯಿದೆ. ಡಾ. ಡಿ. ಎಸ್. ಶಿವಪ್ಪ ಅವರು ವೈದ್ಯಕೀಯ ಪದರಚನೆಗೆ ದುಡಿದರು. ‘ತಾಯಿ-ಮಗು’ವಿನಂತಹ ಕೃತಿಗಳ ಮೂಲಕ ವೈದ್ಯವಿಜ್ಞಾನವನ್ನು ಮನೆಯ ಭಾಷೆಗೆ ತಂದ ಡಾ. ಅನುಪಮಾ ನಿರಂಜನ (1934–1991) ಸ್ವತಃ ಕ್ಯಾನ್ಸರಿನಿಂದ ನಿಧನರಾದರು. ಈ ಪರಂಪರೆಯ ಮುಂದುವರಿಕೆಯಾಗಿ ‘ಟ್ರಿಪಲ್ ನೆಗೆಟಿವ್’ ಎಂಬುದಕ್ಕೆ ಪದವನ್ನು ಯೋಚಿಸುವಾಗ ಕೆಲವು ತೊಡಕುಗಳು ಎದುರಾಗುತ್ತವೆ. ‘ತ್ರಿನಕಾರಾತ್ಮಕ’ ಎಂದರೆ ‘ನಕಾರಾತ್ಮಕ ಮನೋಭಾವ’ ಎಂಬ ಬಳಕೆಯ ನೆರಳು ಅದರ ಮೇಲೆ ಬೀಳುತ್ತದೆ. ‘ಋಣಾತ್ಮಕ’ ಗಣಿತ ಮತ್ತು ವಿದ್ಯುಚ್ಛಾಸ್ತ್ರಗಳಿಗೆ ಸೇರಿದ್ದು. ಇವೆರಡೂ ‘ನೆಗೆಟಿವ್’ ಎಂಬ ಪದವನ್ನು ಅನುವಾದಿಸುತ್ತವೆಯೇ ಹೊರತು ಅದು ಸೂಚಿಸುವ ಸಂಗತಿಯನ್ನಲ್ಲ. ಮೂಲದಲ್ಲಿರುವ ಕೊರತೆಯೆಂದರೆ ಅದು ಸಂಖ್ಯೆಯನ್ನು ಹೇಳಿ ಪ್ರತಿಯೋಗಿಯನ್ನು ಬಿಟ್ಟಿದೆ; ಅನುವಾದವೂ ಅದನ್ನೇ ಬಿಡುತ್ತದೆ.

ಪಠ್ಯಪುಸ್ತಕಗಳ ಮಟ್ಟಿಗೆ ‘ತ್ರಿಗ್ರಾಹಕರಹಿತ ಸ್ತನ ಕ್ಯಾನ್ಸರ್’ ಎಂಬ ರೂಪವನ್ನು ಪರಿಶೀಲಿಸಬಹುದು. ಇಲ್ಲದಿರುವುದು ಗ್ರಾಹಕ, ಇರುವುದು ಕ್ಯಾನ್ಸರ್ ಎಂಬುದು ಇದರಲ್ಲಿ ಸ್ಪಷ್ಟ. ಹರ್-2 ವಿಷಯದಲ್ಲಿ ‘ರಹಿತ’ ಎಂಬುದು ತುಸು ಅತಿಯಾಗುತ್ತದೆಂಬ ಆಕ್ಷೇಪ ನ್ಯಾಯವಾದುದೇ. ಪರಿಭಾಷೆಯ ಜೊತೆಗೆ ವಿವರಣೆಯೂ ಇರಬೇಕೆಂಬುದಕ್ಕೆ ಅದು ಕಾರಣವಾಗುತ್ತದೆ. ರೋಗಿಗೆ ಬೇಕಾದುದು ಸಮಾಸಪದವಲ್ಲ, ವಾಕ್ಯ. ಇಂಗ್ಲಿಷ್ ವರದಿಯ ಕೊನೆಯಲ್ಲಿ ಕನ್ನಡದ ನಾಲ್ಕು ಸಾಲುಗಳಿದ್ದರೆ ಅವು ಹೀಗಿರಬಹುದು: ‘ಇದು ಕ್ಯಾನ್ಸರ್. ಇದರ ಕೋಶಗಳಲ್ಲಿ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟೆರಾನ್ ಗ್ರಾಹಕಗಳು ಇಲ್ಲ, ಹರ್-2 ಹೆಚ್ಚಾಗಿಲ್ಲ. ಆದ್ದರಿಂದ ಹಾರ್ಮೋನ್ ಚಿಕಿತ್ಸೆ ಇದಕ್ಕೆ ಹೊಂದುವುದಿಲ್ಲ. ಬೇರೆ ಚಿಕಿತ್ಸೆಗಳಿವೆ, ತಡಮಾಡದೆ ವೈದ್ಯರನ್ನು ಕಾಣಬೇಕು.’

ಒಟ್ಟಿನಲ್ಲಿ, ಈ ರೋಗದ ಹೆಸರನ್ನು ಓದುವವರು ಕೇಳಬೇಕಾದ ಪ್ರಶ್ನೆ ‘ಏನು ಇಲ್ಲ?’ ಎಂಬುದು. ‘ನೆಗೆಟಿವ್’ ಎಂಬ ಪದ ಆ ಪ್ರಶ್ನೆಗೆ ಎಡೆಗೊಡದೆ ಮುಗಿದುಬಿಡುತ್ತದೆ. ‘ಇಲ್ಲ’ ಎಂಬ ಕನ್ನಡದ ಪದವಾದರೋ ಆ ಪ್ರಶ್ನೆಯನ್ನು ಕೇಳಿಸದೆ ಬಿಡುವುದಿಲ್ಲ. ವೈದ್ಯಕೀಯ ಭಾಷಾಂತರವನ್ನು ಪದಕೋಶದ ಕೆಲಸವೆಂದಷ್ಟೇ ಭಾವಿಸದೆ ಕನ್ನಡದ ವಾಕ್ಯರಚನೆಯ ಕೆಲಸವೆಂದು ಕನ್ನಡ ಅಧ್ಯಯನ ವಿಭಾಗಗಳು ಕೈಗೆತ್ತಿಕೊಳ್ಳುವುದಾದರೆ, ಪೆಥಾಲಜಿ ವರದಿಯ ಈ ಒಂದು ಪದದಿಂದಲೇ ಅದನ್ನು ಆರಂಭಿಸಬಹುದು.